ಎಡ ಮಡ್‌ಗಾರ್ಡಿನ ಬಣ್ಣ

"ಲೇ ಅಂಜಿ, ನೀರು ನಿಲ್ಸು!"

ಅಪ್ಪನ ದನಿಗೆ ಬೆಚ್ಚಿದ ಅಂಜಲಿ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದಳು. ನೀರು ಸಿಡಿದು ಅವಳ ಮುಖಕ್ಕೇ ಹೊಡೆಯಿತು.

"ಏನಾಯ್ತಪ್ಪ?"

"ಬಾ ಇಲ್ಲಿ. ಕೈ ಕೊಡು."

ಪಾಪಣ್ಣ ಮಗಳ ಬಲಗೈಗೆ ತೆಳ್ಳನೆಯ ಪ್ಲಾಸ್ಟಿಕ್ ಕವರೊಂದನ್ನು ತೊಡಿಸಿದ. ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಪೇಂಟರ್ ಆಗಿದ್ದವನು ಅವನು. ಬರಿಗೈಗೆ ತಿಳಿಯದ ಒರಟುತನ, ಕವರಿನೊಳಗಿನ ಬೆರಳಿಗೆ ತಿಳಿಯುತ್ತದೆ ಎಂಬುದು ಅವನ ಹಳೆಯ ಪಾಠ.

"ಮೊದ್ಲು ಬಾನೆಟ್ ಸವರು."

ಸವರಿದಳು. ಬೆಳಗ್ಗೆಯಿಂದ ಅಪ್ಪ ಮಗಳು ಸೇರಿ ಕಾರನ್ನು ಮೇಲಿನಿಂದ ಕೆಳಕ್ಕೆ ಶಾಂಪೂ ನೀರಲ್ಲಿ ತೊಳೆದಿದ್ದರು. ಒಂದು ಬಕೆಟ್ಟು ನೊರೆಗೆ, ಇನ್ನೊಂದು ಬಟ್ಟೆ ಜಾಲಿಸಲಿಕ್ಕೆ. ಅಂಜಲಿ ಆನ್‌ಲೈನಿನಲ್ಲಿ ತರಿಸಿಕೊಟ್ಟ, ಜೇಡಿಯಂಥ ಕ್ಲೇ ಉಂಡೆಯಿಂದ ಪಾಪಣ್ಣ ಅಂಟಿದ ಕಣಗಳನ್ನೆಲ್ಲ ಎಳೆದು ತೆಗೆದಿದ್ದ. ಬಾನೆಟ್ಟು ಊಟದ ತಟ್ಟೆಯಷ್ಟು ನುಣ್ಣಗಾಗಿತ್ತು.

"ಈಗ ಎಡಗಡೆ ಮಡ್‌ಗಾರ್ಡು."

ಮುಂದಿನ ಚಕ್ರದ ಮೇಲಿನ ತಗಡಿಗೆ ಬಂದಾಗ ಅಂಜಲಿಯ ಬೆರಳು ತಾನಾಗಿ ನಿಂತಿತು.

"ಗೆರೆ ಗೆರೆ ಅವೆ."

"ಬ್ರಶ್ಶಿನ ಗೆರೆ. ಕಾರಿಗೆ ಯಾರಾದ್ರೂ ಬ್ರಶ್ಶಲ್ಲಿ ಬಣ್ಣ ಹೊಡೀತಾರೇನೆ?"

ಹನುಮಂತಪ್ಪ ಮೇಷ್ಟ್ರ ಹಳೆಯ ಫಿಯೆಟ್ ಅದು. ಕೆನೆ ಬಣ್ಣ. ಹೊಳಲ್ಕೆರೆಯ ಎಲ್ಲರಿಗೂ ಗುರುತಿದ್ದ ಕಾರು, ಹನ್ನೆರಡು ವರ್ಷದಿಂದ ಮೇಷ್ಟ್ರ ಮನೆಯ ಹಿಂದೆ ಟಾರ್ಪಾಲಿನಡಿ ಕೂತುಬಿಟ್ಟಿತ್ತು. ಹೋದ ತಿಂಗಳು ಮೇಷ್ಟ್ರೇ ಬಂದು, "ಪಾಪಣ್ಣ, ಒಂದು ಸಲ ಮೊದಲಿನ ಹಾಗೆ ಹೊಳೆಯೋ ಹಾಗೆ ಮಾಡಿಕೊಡಪ್ಪ. ನಮ್ಮನೆಯವಳು ಉಷಾಳನ್ನ ಮಾರಿಕಣಿವೆ ಡ್ಯಾಮಿಗೆ ಕರ್ಕೊಂಡು ಹೋಗಬೇಕು" ಎಂದಿದ್ದರು. ಅಂಜಲಿಗೆ ಗಣಿತ ಕಲಿಸಿದ ಮೇಷ್ಟ್ರು. ಅವಳು ಇವತ್ತು ಹೊಸದುರ್ಗದಲ್ಲಿ ಸಬ್ ಇನ್‌ಸ್ಪೆಕ್ಟರ್ ಆಗಿದ್ದರೆ ಅದರಲ್ಲಿ ಅರ್ಧ ಪಾಲು ಅವರದು. ಪಾಪಣ್ಣ ಕೂಲಿಯ ಮಾತೇ ಎತ್ತದೆ ಕಾರನ್ನು ತನ್ನ ಅಂಗಳದ ಶೀಟಿನಡಿ ತಂದು ನಿಲ್ಲಿಸಿಕೊಂಡಿದ್ದ.

ಈಗ ಅವನು ಬೆರಳಿನ ಗೆಣ್ಣಿನಿಂದ ತಗಡನ್ನು ತಟ್ಟಿದ. ಬಾಗಿಲ ಮೇಲೆ ಟಣ್ ಎಂದಿತು. ಮಡ್‌ಗಾರ್ಡಿನ ಮೇಲೆ ಡಬ್ ಎಂದಿತು.

"ಒಳಗೆ ಪುಟ್ಟಿ ತುಂಬವ್ರೆ. ಎಲ್ಲೋ ಗುದ್ದೈತೆ."

ಹತ್ತಿಗೆ ಥಿನ್ನರ್ ಅದ್ದಿ ಬಾಗಿಲಿನ ಮೂಲೆಗೆ ಒತ್ತಿದ. ಬಣ್ಣ ಅಲ್ಲಾಡಲಿಲ್ಲ. ಅದನ್ನೇ ಮಡ್‌ಗಾರ್ಡಿಗೆ ಒತ್ತಿದ. ಹಾಲು ಆರಿದಾಗ ಕೆನೆ ಸುಕ್ಕುಗಟ್ಟುವಂತೆ ಬಣ್ಣ ಎದ್ದು ಬಂತು.

"ಇದು ಕಾರಿನ ಬಣ್ಣನೇ ಅಲ್ಲ ಕಣೆ. ಬಾಗಿಲು ಕಿಟಕಿಗೆ ಹೊಡಿಯೋ ಎನಾಮಲ್ಲು. ಯಾರೋ ಮನೇಲೇ ಕುಂತು, ಯಾರಿಗೂ ಗೊತ್ತಾಗದಂಗೆ ರಿಪೇರಿ ಮಾಡವ್ರೆ. ಪಾಪ, ಗೊತ್ತಿಲ್ದಿರೋ ಕೈ. ಆದ್ರೂ ಬಾಳ ಶ್ರದ್ಧೆಯಿಂದ ಮಾಡವ್ರೆ."

ಅವನು ನೀರು ಚಿಮುಕಿಸಿ ವಾಟರ್ ಪೇಪರೆಂಬ ಉಜ್ಜುಕಾಗದದಿಂದ ಉಜ್ಜತೊಡಗಿದ. ಕೆನೆ ಬಣ್ಣ ಹೋಯಿತು. ಬೂದು ಬಣ್ಣದ ಪುಟ್ಟಿ ಕಂಡಿತು. ಪುಟ್ಟಿ ಸವೆದು ತಗಡಿನ ಬಿರುಕು ಕಾಣುವ ಹೊತ್ತಿಗೆ ಪಾಪಣ್ಣನ ಕೈ ನಿಂತಿತು.

ಬಿರುಕಿನ ಬಾಯಲ್ಲಿ ಒಂದು ಕಪ್ಪು ಎಳೆ ಸಿಕ್ಕಿಕೊಂಡಿತ್ತು.

ಅಂಜಲಿ ಮಂಡಿಯೂರಿ ಕೂತಳು. ಚಿಮಟಿಯಿಂದ ಮೆಲ್ಲಗೆ ಎಳೆದು ಅಂಗೈ ಮೇಲಿಟ್ಟು ಬಿಸಿಲಿಗೆ ಹಿಡಿದಳು. ಒಂದು ಗೇಣು ಉದ್ದ. ಉಣ್ಣೆ.

"ಕುರಿ ಕೂದ್ಲಾ?" ಎಂದ ಪಾಪಣ್ಣ.

"ಅಲ್ಲಪ್ಪ. ಹುರಿ ಹಾಕೈತೆ ನೋಡು. ನೂತಿರೋ ಎಳೆ. ಇದು ಕಂಬಳೀದು."

ಎಳೆಯನ್ನು ಪುಟ್ಟ ಕವರಿಗೆ ಹಾಕುವಾಗ ಅವಳಿಗೆ ಠಾಣೆಯ ಒಂದು ಹಳೆಯ ಕೇಸು ನೆನಪಾಯಿತು. ಹೋದ ಬುಧವಾರ ಮತ್ತೋಡಿನ ಏಕನಾಥಮ್ಮ ಎಂಬ ಮುದುಕಿ ಠಾಣೆಗೆ ಬಂದು ಮೊಮ್ಮಗಳ ಮದುವೆಯ ಕರೆಯೋಲೆ ಮೇಜಿನ ಮೇಲಿಟ್ಟಿದ್ದಳು. ಅದರ ಮೇಲೆ ಹೆಸರು ಬರೆದಿರಲಿಲ್ಲ. "ಹನ್ನೆರಡು ವರ್ಸದ ಹಿಂದೆ ನನ್ನ ಮಗನ್ನ ಆಸ್ಪತ್ರೆ ಜಗಲಿ ಮ್ಯಾಲೆ ಮಲಗಿಸಿ ಹೋದೋರು ಯಾರು ಅಂತ ಹುಡುಕಿ ಕೊಡವ್ವ. ಈ ಕಾಗ್ದ ಅವ್ರಿಗೆ" ಎಂದಿದ್ದಳು.

ಅಂಜಲಿ ಹಳೆಯ ಕಡತ ತೆಗೆಸಿ ಓದಿದ್ದಳು. ಎರಡು ಸಾವಿರದ ಹದಿಮೂರು, ಏಪ್ರಿಲ್ ಇಪ್ಪತ್ತಾರು, ಮುಸ್ಸಂಜೆ. ಕುರಿ ಕಾಯುವ ಕನಕರಾಜ್, ಎಡತೊಡೆಯ ಮೂಳೆ ಮುರಿತ. ತಲೆಗೆ ನೇರಳೆ ಬಣ್ಣದ ಸೀರೆಯ ಹರಕು ಸುತ್ತಿತ್ತು. ಹೊದ್ದಿದ್ದ ಕರಿ ಕಂಬಳಿಯ ಒಂದು ಅಂಚು ಹರಿದಿತ್ತು. ಗುದ್ದಿದ ವಾಹನ ಪತ್ತೆಯಾಗಿಲ್ಲ. ಗಾಯಾಳುವಿನ ಹೇಳಿಕೆ ಒಂದೇ ಸಾಲು: ಏನೂ ನೆನಪಿಲ್ಲ.

ಕಡತದಲ್ಲಿ ನಾಲ್ಕು ದಿನ ಹುಡುಕಿದರೂ ಸಿಗದ ಕಾರು, ಅವಳೇ ನೀರು ಹಾಕಿ ತೊಳೆದ ಕಾರಾಗಿತ್ತು.

ವಿಷಯ ಕೇಳಿದ ಪಾಪಣ್ಣ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತುಬಿಟ್ಟ. ಸ್ವಲ್ಪ ಹೊತ್ತು ಕೈಯಲ್ಲಿನ ವಾಟರ್ ಪೇಪರನ್ನು ಮಡಿಸಿದ, ಬಿಚ್ಚಿದ.

"ಅಂಜಿ, ಅರ್ಧ ಗಂಟೆ ಸಾಕು ನಂಗೆ. ಪುಟ್ಟಿ ಎಳೆದು, ಪ್ರೈಮರ್ ಹೊಡೆದು, ಮೇಲೆ ಒಂದು ಕೋಟು. ನೀನೇ ಬಂದು ಹುಡುಕಿದ್ರೂ ಸಿಗಲ್ಲ."

"ಅಪ್ಪ."

"ಹೇಳ್ದೆ ಅಷ್ಟೆ. ಮಾಡ್ತೀನಿ ಅಂದ್ನಾ?" ಅವನು ಮುಖ ತಿರುಗಿಸಿಕೊಂಡ. "ನಿನ್ನ ಫೀಜು ಕಟ್ಟೋಕಾಗ್ದೆ ನಾನು ಬಾಗ್ಲಲ್ಲಿ ನಿಂತಾಗ, ಒಳಗೆ ಕರೆದು ಕಾಫಿ ಕೊಟ್ಟು ಕಳಿಸಿದ ಮನೆ ಅದು."

ಅಂಜಲಿ ಅಪ್ಪನ ಹೆಗಲ ಮೇಲೆ ಒದ್ದೆ ಕೈ ಇಟ್ಟಳು. ಅವಳಿಗೂ ಬೇರೆ ದಾರಿ ಸಿಕ್ಕರೆ ಸಾಕಾಗಿತ್ತು.

"ಮೇಷ್ಟ್ರ ಕಾರು ಬೇರೆ ಯಾರು ಓಡಿಸ್ತಿದ್ರು?"

"ದುರ್ಗೇಶ! ಆಗಾಗ ಅವ್ನೇ ಓಡಿಸ್ತಿದ್ದ" ಎಂದ ಪಾಪಣ್ಣ, ಮುಳುಗುವವನಿಗೆ ಹಗ್ಗ ಸಿಕ್ಕಂತೆ.

ದುರ್ಗೇಶ್ ಈಗ ಹಿರಿಯೂರಿನಲ್ಲಿ ಖಾಸಗಿ ಬಸ್ಸಿನ ಡ್ರೈವರ್. ಫೋನಿಗೆ ಸಿಕ್ಕ.

"ಹದಿಮೂರನೇ ಇಸ್ವೀಲಾ? ಇಲ್ಲ ಮೇಡಂ, ಅಷ್ಟೊತ್ತಿಗೆ ನಾನು ಬಸ್ಸಿಗೆ ಸೇರ್ಕಂಡಿದ್ದೆ. ಅದಕ್ಕೂ ಮೊದ್ಲೇ ಮೇಷ್ಟ್ರು, 'ಇನ್ಮೇಲೆ ನೀನು ಬೇಡ ದುರ್ಗೇಶ, ಮನೇಲೇ ಒಬ್ರು ಕಲೀತಿದಾರೆ' ಅಂದಿದ್ರು."

"ಯಾರು ಅಂತ ಹೇಳಿದ್ರಾ?"

"ಅದು ಹೇಳ್ಲಿಲ್ಲ. ನಗ್ತಾ ಇದ್ರು."

ಅಂಜಲಿ ಫೋನ್ ಇಟ್ಟಳು. ಮಕ್ಕಳಿಲ್ಲದ ಮನೆ ಅದು. ಆ ಮನೆಯಲ್ಲಿ ಇದ್ದದ್ದು ಇಬ್ಬರೇ.

*

ಹನುಮಂತಪ್ಪ ಮೇಷ್ಟ್ರು ಬಾಗಿಲಲ್ಲೇ ಪೇಪರ್ ಓದುತ್ತ ಕೂತಿದ್ದರು. ಅಂಜಲಿಯ ಒದ್ದೆ ಕೂದಲು, ಪಾಪಣ್ಣನ ಸಪ್ಪೆ ಮುಖ ಎರಡನ್ನೂ ನೋಡಿದರು.

"ಏನಮ್ಮ, ಕಾರು ಹೊಳೀತಾ?"

ಅಂಜಲಿ ಪುಟ್ಟ ಕವರಿನಲ್ಲಿದ್ದ ಕಪ್ಪು ಎಳೆಯನ್ನು ಅವರ ಮುಂದೆ ಹಿಡಿದಳು.

ಮೇಷ್ಟ್ರು ಕನ್ನಡಕ ತೆಗೆದರು. ಮತ್ತೆ ಹಾಕಿಕೊಂಡರು. ಪೇಪರನ್ನು ಅಚ್ಚುಕಟ್ಟಾಗಿ ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಟ್ಟರು.

"ನಾನೇ ಕಣಮ್ಮ" ಎಂದರು. "ನಾನೇ ಗುದ್ದಿದ್ದು. ನಾನೇ ಆಸ್ಪತ್ರೆಗೆ ಹಾಕಿ ಓಡಿ ಬಂದದ್ದು. ಬರ್ಕೋ."

"ಮಡ್‌ಗಾರ್ಡಿಗೆ ಬಣ್ಣ ಹೊಡೆದವರು?"

"ಅದೂ ನಾನೇ. ಹಿಂಬಾಗಿಲಿಗೆ ತಂದ ಎನಾಮಲ್ ಮಿಕ್ಕಿತ್ತು."

"ಯಾವತ್ತು ಗುದ್ದಿದ್ದು ಮೇಷ್ಟ್ರೇ?"

"ಹದಿಮೂರನೇ ಇಸವಿ. ಏಪ್ರಿಲ್ ಇಪ್ಪತ್ತಾರು." ಕೇಳುವ ಮೊದಲೇ ಸಿದ್ಧವಿದ್ದ ಉತ್ತರ.

"ಶುಕ್ರವಾರ" ಎಂದಳು ಅಂಜಲಿ. "ಆ ವಾರ ಪೂರ್ತಿ ನೀವು ಚಿತ್ರದುರ್ಗದಲ್ಲಿ ಎಸ್ಸೆಸ್ಸೆಲ್ಸಿ ಪೇಪರ್ ತಿದ್ದುತ್ತಿದ್ರಿ."

"ಅದು ನಿನಗೆ ಹೇಗೆ..."

"ಆ ವರ್ಷ ಪರೀಕ್ಷೆ ಬರೆದವಳು ನಾನೇ ಅಲ್ವಾ ಮೇಷ್ಟ್ರೇ? ಶನಿವಾರ ಸಂಜೆ ದುರ್ಗದ ಬಸ್ಸಿಳಿದವರು ಮೊದಲು ನಮ್ಮನೆಗೆ ಬಂದ್ರಿ. 'ಈ ಸಲ ಧಾರಾಳವಾಗಿ ತಿದ್ದೀವಿ, ಹೆದರಬೇಡ ಮಗು' ಅಂದ್ರಿ. ಮೂರು ವಾರದ ಮೇಲೆ ಅವತ್ತೇ ನಾನು ನೆಮ್ಮದಿಯಾಗಿ ಊಟ ಮಾಡಿದ್ದು. ಆ ದಿನ ನಾನು ಮರೀತೀನಾ?"

ಮೇಷ್ಟ್ರು ತಲೆ ತಗ್ಗಿಸಿದರು.

"ಲೆಕ್ಕದಲ್ಲಿ ಹೆಜ್ಜೆ ಹಾರಿಸಿದ್ರೆ ಅಂಕ ಇಲ್ಲ ಅಂತ ಕಲಿಸಿದವರು ನೀವು. ನೀವೇ ಹೆಜ್ಜೆ ಹಾರಿಸ್ತಿದೀರಿ."

"ಬಿಟ್ಟುಬಿಡಮ್ಮ. ಗುದ್ದಿದ್ದು ನಾನು ಅಂತಲೇ ಇರಲಿ. ನಾನು ಸಹಿ ಹಾಕ್ತೀನಿ. ಇನ್ನು ನನಗೇನು ನೌಕರಿನಾ, ಬಡ್ತಿನಾ?"

"ಸಾಕು ಬಿಡ್ರಿ."

ಒಳಬಾಗಿಲಲ್ಲಿ ಉಷಾರಾಣಿ ನಿಂತಿದ್ದರು. ಅರವತ್ತೈದು ದಾಟಿದ ಸಣ್ಣ ಮೈಕಟ್ಟಿನ ಹೆಂಗಸು. ಕೈ ಒದ್ದೆ ಇತ್ತು. ಅವಸರವಿಲ್ಲದೆ ಸೆರಗಿಗೆ ಒರೆಸಿಕೊಂಡರು.

"ಒಳಗೆ ಹೋಗು ಉಷಾ."

"ಹನ್ನೆರಡು ವರ್ಷ ಒಳಗೇ ಇದ್ದೆ." ಅವರು ಬಂದು ಗಂಡನ ಕುರ್ಚಿಯ ತೋಳು ಹಿಡಿದು ನಿಂತರು. "ನಾನಮ್ಮ ಅಂಜಲಿ. ಇವರು ಸ್ಕೂಲಿನ ಗ್ರೌಂಡಲ್ಲಿ ರಜೆಯಲ್ಲಿ ಕಲಿಸಿದ್ರು. ಲೈಸೆನ್ಸ್ ಇನ್ನೂ ಆಗಿರಲಿಲ್ಲ. ಮತ್ತೋಡಲ್ಲಿ ನಮ್ಮಕ್ಕನಿಗೆ ಹುಷಾರಿಲ್ಲ ಅಂತ ಸುದ್ದಿ ಬಂತು. ಇವರು ಊರಲ್ಲಿಲ್ಲ. ನಾನೇ ಓಡಿಸ್ಕೊಂಡು ಹೋದೆ. ಹೋಗುವಾಗ ಏನು ಹೆಮ್ಮೆ ಅಂತೀಯ! ವಾಪಸ್ ಬರುವಾಗ ತಿರುವಲ್ಲಿ ಎಡಗಡೆಯಿಂದ ಏನೋ ಕಪ್ಪಗೆ ಮೇಲೆದ್ದ ಹಾಗಾಯ್ತು. ಸ್ಟೇರಿಂಗ್ ಎಳೆದೆ. ಧಡ್ ಅಂತು. ಇಳಿದು ನೋಡಿದ್ರೆ ಕಾರು ರಸ್ತೆ ಬದಿ ಕಲ್ಲಿಗೆ ಒರಗಿದೆ, ಮಡ್‌ಗಾರ್ಡಲ್ಲಿ ಕಂಬಳಿ, ಕೆಳಗೆ ಆ ಮನುಷ್ಯ."

"ಒಬ್ರೇ ಎತ್ತಿದ್ರಾ?"

"ಎಳೆದೆ. ಅವನೂ ಒಂದು ಕಾಲು ಊರಿ ಒತ್ತಿದ. ಸೀರೆ ಹರಿದು ತಲೆಗೆ ಕಟ್ಟಿದೆ. ಆಸ್ಪತ್ರೆ ಜಗಲಿ ಮೇಲೆ ಮಲಗಿಸಿ, ನರ್ಸಮ್ಮನ್ನ ಕೂಗಿ, ಅವಳು ಬರೋದು ಕಾಣ್ತಿದ್ದ ಹಾಗೆ ಹೊರಟುಬಿಟ್ಟೆ. ಅಲ್ಲಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಅದೊಂದೇ ನನ್ನ ತಪ್ಪು ಅನ್ನಲ್ಲ. ಆದರೆ ಅದೇ ನನ್ನನ್ನ ತಿಂದದ್ದು."

ಪಾಪಣ್ಣ ತಡೆಯಲಾರದೆ ಕೇಳಿದ. "ಮತ್ತೆ ಕಾರ್ನ ನನ್ ಹತ್ರ ಯಾಕೆ ಕಳ್ಸಿದ್ರಿ ಅಮ್ಮಾವ್ರೇ? ನಾನು ಬಣ್ಣ ನೋಡಿದ್ರೆ ಗೊತ್ತಾಗ್ತೈತೆ ಅಂತ ಇಡೀ ಊರಿಗೇ ಗೊತ್ತಲ್ಲ!"

"ಅದಕ್ಕೇ ಕಳಿಸಿದ್ದು ಪಾಪಣ್ಣ. ಇವರು ಮಾರಿಕಣಿವೆ ಅಂದ್ರು. ನಾನು, ಪಾಪಣ್ಣನ ಕೈಲಾದ್ರೆ ಮಾಡಿಸಿ ಅಂದೆ. ಬಾಯಿಬಿಟ್ಟು ಹೇಳೋ ಧೈರ್ಯ ನನಗಿರಲಿಲ್ಲ. ಬಣ್ಣವಾದ್ರೂ ಹೇಳಲಿ ಅಂತ."

ಮೇಷ್ಟ್ರು ಹೆಂಡತಿಯ ಕಡೆ ತಿರುಗಿದರು. ಈ ಮಾತು ಅವರಿಗೂ ಹೊಸದು. ಅವರು ಕುರ್ಚಿಯ ತೋಳಿನ ಮೇಲಿದ್ದ ಆ ಕೈಯನ್ನು ಮುಚ್ಚಿ ಹಿಡಿದರು.

ಅಂಜಲಿ ಕಣ್ಣೊರೆಸಿಕೊಂಡು ಎದ್ದಳು.

"ಅಮ್ಮಾ, ಠಾಣೆಗೆ ನಾಳೆ ಹೋಗಾಣ. ಇವತ್ತು ಮತ್ತೋಡಿಗೆ ಬರ್ತೀರಾ?"

ಉಷಾರಾಣಿ ಒಳಗೆ ಹೋಗಿ ಚಪ್ಪಲಿ ಮೆಟ್ಟಿ ಬಂದರು. ಬೀಗದ ಕೈಯನ್ನು ಗಂಡನಿಗೆ ಕೊಟ್ಟು, "ಅನ್ನ ಬಸಿದಿಲ್ಲ, ನೋಡ್ಕೊಳ್ರಿ" ಎಂದರು. ಮೇಷ್ಟ್ರು ಒಲೆ ಆರಿಸಿ, ಬಾಗಿಲಿಗೆ ಬೀಗ ಜಡಿದು ತಾವೂ ಕಾರು ಹತ್ತಿದರು.

*

ಅಂಜಲಿಯ ಕಾರು ಕನಕರಾಜನ ಮನೆ ಮುಟ್ಟಿದಾಗ ಬಿಸಿಲು ಇಳಿಯತೊಡಗಿತ್ತು. ಬರುವ ಗುರುವಾರ ಅವನ ಮಗಳು ಪಲ್ಲವಿಗೂ ರಘುನಾಥನೆಂಬ ಹುಡುಗನಿಗೂ ಮದುವೆ. ಚಪ್ಪರಕ್ಕೆ ಗರಿ ಹೊದಿಸುತ್ತಿದ್ದರು. ಪಕ್ಕದ ಹಟ್ಟಿಯಲ್ಲಿ ಮರಿಗಳು ಒಂದರ ಮೇಲೊಂದು ಬಿದ್ದು ಅರಚುತ್ತಿದ್ದವು. ಕನಕರಾಜ್ ಎಡಗಾಲು ಎಳೆಯುತ್ತ ಎದುರು ಬಂದ.

"ಬರ್ರಿ ಮೇಡಂ, ಕುಂತ್ಕಳ್ರಿ. ಲೇ ಪಲ್ಲವಿ, ಕಾಫಿ ಇಡವ್ವ!"

ಏಕನಾಥಮ್ಮ ಹೊಸ್ತಿಲಲ್ಲಿ ಕೂತು ಅರಿಸಿನದ ಕೊಂಬು ಆರಿಸುತ್ತಿದ್ದಳು. ಉಷಾರಾಣಿ ಯಾವ ಚಾಪೆಯ ಮೇಲೂ ಕೂರಲಿಲ್ಲ.

"ಕನಕರಾಜ, ನಿನಗೆ ಕಾರಲ್ಲಿ ಗುದ್ದಿದವಳು ನಾನಪ್ಪ" ಎಂದರು. "ಕ್ಷಮಿಸು ಅಂತ ಕೇಳೋಕೂ ಹನ್ನೆರಡು ವರ್ಷ ತಡ ಮಾಡಿದೆ."

ಚಪ್ಪರದ ಮೇಲಿದ್ದವನ ಕೈಯ ಗರಿ ಹಾಗೇ ನಿಂತಿತು. ಕನಕರಾಜ್ ಅವರನ್ನು ದಿಟ್ಟಿಸಿದ.

"ಇನ್ನೊಂದ್ಸಲ ಮಾತಾಡ್ರಮ್ಮ."

"ಏನು ಮಾತಾಡಲಪ್ಪ?"

"ಇದೇ ದನಿ!" ಅವನ ಮುಖ ಅರಳಿತು. "'ತಡ್ಕೋ, ಬಂದೇ ಬಿಡ್ತು, ತಡ್ಕೋ' ಅಂತ ದಾರಿ ಉದ್ದಕ್ಕೂ ಹೇಳ್ತಾನೇ ಇದ್ರಿ. ಅವ್ವಾ, ಇವ್ರೇ ಕಣವ್ವ, ನನ್ನ ಹೊತ್ತು ತಂದೋರು!"

"ನಾನು ಗುದ್ದಿದ್ದು..."

"ನೀವೆಲ್ಲಿ ಗುದ್ದಿದ್ರಿ? ನೀವು ಬರೋ ಹೊತ್ಗೆ ನಾನು ಕಾಲು ಮುರ್ಕಂಡು ಬಿದ್ದು ಬಾಳ ಹೊತ್ತಾಗಿತ್ತು. ಎರಡು ಗಾಡಿ ನಿಲ್ಲಿಸ್ದೆ ಹೋದ್ವು. ನಿಮ್ಮ ಕಾರಿನ ಲೈಟು ಕಾಣ್ತು. ಬಿದ್ದಲ್ಲಿಂದ್ಲೇ ಕಂಬಳಿ ಎತ್ತಿ ಬೀಸ್ದೆ. ನೀವು ಗಾಬ್ರಿ ಬಿದ್ದು ಕಲ್ಲಿಗೆ ಹೊಡುದ್ರಿ. ನನ್ನಿಂದ ನಿಮ್ಮ ಕಾರು ಹಾಳಾಯ್ತು ಅಂತ ನಾನು ಮರುಗ್ತಿದ್ದೆ!"

ಉಷಾರಾಣಿ ಒಂದು ಕ್ಷಣ ಅರ್ಥವಾಗದವರಂತೆ ನಿಂತರು. ಆಮೇಲೆ ಅಳುತ್ತ ನೆಲಕ್ಕೆ ಕೂರಹೋದರು. ಮೇಷ್ಟ್ರು ಹಿಡಿಯುವ ಮೊದಲೇ ಏಕನಾಥಮ್ಮ ಎದ್ದು ಬಂದು ಅವರನ್ನು ಎದೆಗೆ ಆನಿಸಿಕೊಂಡಿದ್ದಳು. ಅರಿಸಿನದ ಕೈ ಅವರ ಬೆನ್ನಿಗೆಲ್ಲ ಹಳದಿ ಬಳಿಯಿತು.

"ಅಳು ತಾಯಿ, ಅತ್ತುಬಿಡು" ಎಂದಳು ಮುದುಕಿ. "ಗುರುವಾರ ನೀನೇ ಮುಂದೆ ನಿಂತು ನನ್ನ ಮೊಮ್ಮಗಳಿಗೆ ಆರತಿ ಎತ್ಬೇಕು."

ಪಾಪಣ್ಣ ಮರಿಗಳನ್ನು ನೋಡುವ ನೆವದಲ್ಲಿ ಹಟ್ಟಿಯ ಕಡೆ ತಿರುಗಿ ಮೂಗು ಸೀಟಿಕೊಂಡ. ಮೇಷ್ಟ್ರು ಕನ್ನಡಕ ಒರೆಸುತ್ತಲೇ ಇದ್ದರು.

ಅಂಜಲಿಗೂ ಅಷ್ಟಕ್ಕೇ ಎದ್ದು ಹೋಗುವ ಆಸೆಯಾಯಿತು. ಆದರೆ ಒಂದು ಹೆಜ್ಜೆ ಇನ್ನೂ ಬಾಕಿ ಇತ್ತು.

"ಕನಕರಾಜ್, ಹಂಗಾದ್ರೆ ನಿಮ್ಮ ಕಾಲು ಮುರಿದದ್ದು ಯಾರು?"

ಅವನ ನಗು ಮಾಸಿತು. "ಅದೆಲ್ಲ ಮರ್ತೋಗೈತೆ ಮೇಡಂ."

"ಕಂಬಳಿ ಬೀಸಿದ್ದು ನೆನಪೈತೆ. ಹೋದ ಗಾಡಿ ಎಷ್ಟು ಅಂತ ನೆನಪೈತೆ. ಅಮ್ಮನ ದನಿ ನೆನಪೈತೆ. ಗುದ್ದಿದ್ದೊಂದು ಮರೆತೋಯ್ತಾ?"

ಅವನು ಮನೆಯ ಬಾಗಿಲ ಕಡೆ ನೋಡಿದ. ಯಾರೂ ಕಾಣಲಿಲ್ಲ. ದನಿ ತಗ್ಗಿಸಿದ.

"ಬೈಕು. ನಾನು ಮುಖ ನೋಡ್ದೆ ಅನ್ನೋದು ಅವ್ರಿಗೆ ಗೊತ್ತಿಲ್ಲ. ಗುರುವಾರ ಮುಗಿದೋಗ್ಲಿ ಬಿಡ್ರಿ ಮೇಡಂ, ನಿಮ್ಮ ಕಾಲಿಗೆ ಬೀಳ್ತೀನಿ. ಅವ್ಳೇ ಮೆಚ್ಚಿ ಒಪ್ಕಂಡ ಹುಡ್ಗ. ಅವ್ಳು ಆ ಮನೇಲಿ ಸುಖವಾಗಿರ್ಲಿ."

"ಆ ಮನೇಲಿ?"

ಹಿಂದೆ ಲೋಟಗಳು ಒಂದಕ್ಕೊಂದು ತಾಗಿದ ಸದ್ದಾಯಿತು. ಪಲ್ಲವಿ ಹಿತ್ತಲಿನಿಂದ ಬಳಸಿ ಬಂದು ಚಪ್ಪರದ ಕಂಬದ ಪಕ್ಕ ನಿಂತಿದ್ದಳು. ಕೈಯಲ್ಲಿ ಕಾಫಿಯ ತಟ್ಟೆ. ಅವಳು ಅದನ್ನು ಚೆಲ್ಲಲಿಲ್ಲ. ಬಗ್ಗಿ ನೆಲದ ಮೇಲಿಟ್ಟು, ಎದ್ದು ನಿಂತು ಅಪ್ಪನನ್ನೇ ನೋಡಿದಳು.

"ಯಾರಪ್ಪ?" ಎಂದಳು. "ಮಾವ ಆಗೋರಾ? ಇಲ್ಲ ರಘುನಾಥನಾ?"

ಕನಕರಾಜ್ ಮಗಳ ಕಣ್ಣು ತಪ್ಪಿಸಲಿಲ್ಲ.

"ಬೈಕಲ್ಲಿ ಇಬ್ರೂ ಇದ್ರು ಮಗ" ಎಂದ. "ಓಡಿಸ್ತಿದ್ದೋರು ಯಾರು ಅಂತ ಮಾತ್ರ, ನಾನು ಸತ್ರೂ ನಿನ್ನ ಮುಂದೆ ಹೇಳಲ್ಲ."